ಬಿಚ್ಚಮ್ಮನಾದ ಮಳೆಗಾಲ

ಹೋದ ತಿಂಗಳು ನಾಗಮಂಗಲದಲ್ಲಿ ಒಂದು ಮದುವೆ ಇತ್ತು. ದಾರಿಯಲ್ಲಿ ಪಾಂಡವಪುರ ಬಂದಾಗ ಕಾರು ನಿಲ್ಲಿಸಲು ಹೇಳಿದೆ. ಡ್ರೈವರ್‌ಗೆ ಟೀ ಬೇಕಿತ್ತು, ನನಗೆ ಮಂಡಿ ಸಡಿಲ ಮಾಡಿಕೊಂಡು ನಾಲ್ಕು ಹೆಜ್ಜೆ ಹಾಕಬೇಕಿತ್ತು. ಈ ವಯಸ್ಸಿನಲ್ಲಿ ಮಂಡಿಗಳೂ ಸ್ಕೂಲ್ ಮಕ್ಕಳ ಹಾಗೆಯೇ, ಬಹಳ ಹೊತ್ತು ಒಂದೇ ಕಡೆ ಕೂರಿಸಿದರೆ ಗಲಾಟೆ ಶುರು ಮಾಡುತ್ತವೆ. ಟೀ ಅಂಗಡಿಯ ಹಿಂದೆ ಮೈದಾನ. ಆಗ ತಾನೇ ಸಣ್ಣ ಹನಿ ಬಿದ್ದು ನಿಂತಿತ್ತು. ಯಾರೋ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದು ನೆನೆದು ಮಣ್ಣಿಗೆ ಕಚ್ಚಿಕೊಂಡು, ಸ್ವಲ್ಪ ಹೊಸ ಗೋಡೆಯ ಹಾಗೆ, ಸ್ವಲ್ಪ ಎಲೆಯಡಿಕೆ ಚೀಲದ ಹಾಗೆ ಒಂದು ವಾಸನೆ ಎದ್ದಿತ್ತು. ನಾನು ಫೆನ್ಸ್ ಹಿಡಿದುಕೊಂಡು ನಿಂತುಬಿಟ್ಟೆ.

ಒಳಗೆ ಹುಡುಗಿಯರ ಖೋ ಖೋ ಪ್ರಾಕ್ಟೀಸು ನಡೆದಿತ್ತು. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡ ಒಬ್ಬ ಟೀಚರ್, ನೋಡಿದರೆ ಅವಳೇ ಸ್ಟೂಡೆಂಟ್ ಅನ್ನಬೇಕು, ಅಷ್ಟು ಚಿಕ್ಕವಳು, ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹುಡುಗಿಯ ಗಾಜಿನ ಬಳೆಗಳ ಮೇಲೆ ಬಿಳಿ ಟೇಪು ಸುತ್ತುತ್ತಿದ್ದಳು. ಸುತ್ತುತ್ತಾ ಏನೋ ತಮಾಷೆ ಹೇಳುತ್ತಿದ್ದಳು, ಆ ಹುಡುಗಿ ನಗುತ್ತಿದ್ದಳು. ಅಷ್ಟೇ. ಬೆರಳಲ್ಲಿ ಟೇಪು ಹರಿದು ಬೆನ್ನು ತಟ್ಟಿ ಓಡಿಸಿದಳು. ನನ್ನ ಕೆನ್ನೆ ಬಿಸಿಯಾಯಿತು. ಎಪ್ಪತ್ತು ದಾಟಿದ ಮುದುಕಿಗೆ ಬೇರೆ ಯಾರದೋ ಕೈಗೆ ಟೇಪು ಸುತ್ತುವುದನ್ನು ನೋಡಿ ಕೆನ್ನೆ ಬಿಸಿಯಾಗಲು ಕಾರಣವೇನು ಅಂತ ಡ್ರೈವರ್ ಕೇಳಿದ್ದರೆ, ಸಕ್ಕರೆ ಹೆಚ್ಚಾಯಿತಪ್ಪ ಟೀಗೆ ಅನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಕೆಲವು ವರ್ಷ ಅಲ್ಲೇ ಗೇಮ್ಸ್ ಮಿಸ್ ಆಗಿದ್ದು, ಆಮೇಲೆ ಸರ್ಕಾರಿ ಕೆಲಸಕ್ಕೆ ಬಂದವಳು. ಆ ವರ್ಷ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹೈಸ್ಕೂಲು ಹುಡುಗಿಯರ ಪಂದ್ಯಗಳಿಗೆಲ್ಲ ನಾನೇ ಚೀಫ್ ಅಫಿಷಿಯಲ್. ಪಾಂಡವಪುರದಲ್ಲಿ ಪಾರ್ವತಮ್ಮ ಎಂಬುವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ಕತ್ತಿಗೆ ವಿಸಿಲ್, ಕೈಗೆ ವಾಚು, ಬಗಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಯಾವ ತಾಲ್ಲೂಕಿನ ಬಸ್ಸು ಮೊದಲು ಸಿಕ್ಕರೆ ಅದೇ ಅನ್ನುವ ಹಾಗೆ ಓಡಾಟ.

ಡಬ್ಬಿಯ ವಿಷಯ ಹೇಳಬೇಕು. ನಮ್ಮ ಕಾನ್ವೆಂಟಿನಲ್ಲಿ ಗೇಮ್ಸ್ ಪೀರಿಯಡ್ಡಿಗೆ ಮುಂಚೆ ಒಬ್ಬರು ಸಿಸ್ಟರ್ ಇಂಥದ್ದೇ ಡಬ್ಬಿ ಹಿಡಿದು ಸಾಲಿನ ಮುಂದೆ ನಡೆಯುತ್ತಿದ್ದರು. "ವ್ಯಾನಿಟಿ, ಗರ್ಲ್ಸ್, ಆಲ್ ವ್ಯಾನಿಟಿ!" ಓಲೆ, ಸರ, ಉಂಗುರ ಎಲ್ಲ ಟಣ್ ಟಣ್ ಅಂತ ಅದರಲ್ಲಿ ಬೀಳುತ್ತಿದ್ದವು. ನಾನು ಏನೂ ಹಾಕಬೇಕಾಗಿರಲಿಲ್ಲ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು, ಅಪ್ಪ ರೈಲ್ವೆಯವರು, ನಾನು ಬೋರ್ಡಿಂಗಿನ ಮಗು. ಸಿಸ್ಟರ್ ನನ್ನ ಖಾಲಿ ಕೈ ನೋಡಿ "ಗುಡ್ ಗರ್ಲ್" ಅನ್ನುತ್ತಿದ್ದರು. ಆ ಗುಡ್ ಗರ್ಲ್ ಎಷ್ಟು ದೂರ ನನ್ನ ಜೊತೆ ಬಂತು ನೋಡಿ. ಇನ್ನೊಂದು ಸಂಗತಿಯೂ ಆ ಬೋರ್ಡಿಂಗಿನದೇ: ನನ್ನ ಕನ್ನಡ ಪುಸ್ತಕದ ಕನ್ನಡ. ಸೆಕೆಂಡ್ ಲಾಂಗ್ವೇಜಿನಲ್ಲಿ ಫಸ್ಟ್ ಕ್ಲಾಸು. ಆದರೆ ಹೆಂಗಸರು ಹಿತ್ತಲಲ್ಲಿ, ಒಲೆಯ ಮುಂದೆ ಆಡಿಕೊಳ್ಳುವ ಕನ್ನಡ ನನ್ನ ಕಿವಿಗೆ ಬೀಳದೆಯೇ ನಾನು ದೊಡ್ಡವಳಾದೆ.

ಸೀಸನ್ನಿನ ಮೊದಲ ವಾರವೇ ಕೆ.ಆರ್. ಪೇಟೆಯಲ್ಲಿ ಕಬಡ್ಡಿ. ಮಾಕವಳ್ಳಿ ಕಡೆಯಿಂದ ಬಂದಿದ್ದ ಒಂದು ಹುಡುಗಿ ರೇಡ್ ಮಾಡಿ ತಿರುಗುವಾಗ ಅವಳ ಓಲೆ ಇನ್ನೊಬ್ಬಳ ಜಡೆಯ ರಿಬ್ಬನ್ನಿಗೆ ಸಿಕ್ಕಿಕೊಂಡಿತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಬಿದ್ದರು. ಕಿವಿಯ ಹಾಲೆ ಹರಿದು ಎರಡಾಯಿತು. ಬಿಳಿ ಯೂನಿಫಾರಂ ಮೇಲೆ ರಕ್ತ. ಆ ಹುಡುಗಿ ಕಿವಿ ಹಿಡಿದುಕೊಳ್ಳಲಿಲ್ಲ, ಕೆಸರಿನಲ್ಲಿ ಮಂಡಿಯೂರಿ ಹುಡುಕತೊಡಗಿತು. "ಓಲೆ ಕಣ್ರೇ, ಓಲೆ! ಎಲ್ಲೋಯ್ತು ನೋಡ್ರೇ! ಅವ್ವ ಸಾಯ್ಸ್‌ಬುಡ್ತಾಳೆ!" ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗಲೂ ಓಲೆ ಸಿಕ್ಕಿತಾ ಅಂತಲೇ ಕೇಳುತ್ತಿತ್ತು.

ಹಾಗಾಗಿ ರೂಲು ತಪ್ಪು ಅಂತ ನಾನು ಇವತ್ತೂ ಹೇಳುವುದಿಲ್ಲ. ಮೈಮೇಲೆ ಲೋಹ, ಗಾಜು ಇಟ್ಟುಕೊಂಡು ಮಕ್ಕಳು ಬಿದ್ದು ಎದ್ದು ಆಡಬಾರದು. ನನಗೆ ನಾಚಿಕೆ ಇರುವುದು ರೂಲಿನ ಬಗ್ಗೆ ಅಲ್ಲ.

ಆ ದಿನದಿಂದ ನಾನು ಭದ್ರಕಾಳಿಯಾದೆ. ಪ್ರತಿ ಮ್ಯಾಚಿಗೆ ಮುಂಚೆ ಮೈದಾನದ ಅಂಚಿನಲ್ಲಿ ಮೇಜು, ಮೇಜಿನ ಮೇಲೆ ಡಬ್ಬಿ, ಮುಂದೆ ಹುಡುಗಿಯರ ಸಾಲು. ಕೈ ಚಾಚು, ತಿರುಗಿಸು, ಕಿವಿ ತೋರಿಸು, ಕಾಲು ತೋರಿಸು. "ಏನಮ್ಮಾ ಇದು? ಬಿಚ್ಚಮ್ಮ, ಬಿಚ್ಚು. ಓಕೆ. ನೆಕ್ಸ್ಟ್." ಶ್ರೀರಂಗಪಟ್ಟಣದಲ್ಲಿ ಒಬ್ಬಳ ಮೂಗುಬೊಟ್ಟಿನ ತಿರುಪು ಚರ್ಮಕ್ಕೇ ಕೂತುಬಿಟ್ಟಿತ್ತು. "ನಿಕಲ್ತೀಚ್ ನೈ ಮಿಸ್, ಖಸಂ ಸೆ!" ಬರೋದೇ ಇಲ್ಲ, ಆಣೆಗೂ, ಅಂತ ಅವಳು ಅಳುತ್ತಾ ಮೂಗು ಎಳೆದು ತೋರಿಸಿದಳು. ಅವಳನ್ನು ಬೆಂಚಿನಲ್ಲಿ ಕೂರಿಸಿದೆ. ಕಾಲ್ಗೆಜ್ಜೆ, ಪಿನ್ನು, ಗಾಜಿನ ಮಣಿಸರ, ಎಲ್ಲ ಡಬ್ಬಿಗೆ.

ಒಂದು ಮಧ್ಯಾಹ್ನ ಕೆ.ಆರ್.ಎಸ್. ಕಡೆಯ ಬಸ್ಸಿಂದ ಇಳಿದು ಮೈದಾನದ ಗೇಟು ದಾಟುತ್ತಿದ್ದೆ. ಹುಡುಗಿಯೊಬ್ಬಳು ಮರದ ಹಿಂದಿನಿಂದ ಕೂಗಿದಳು: "ಲೇ, ಬಿಚ್ಚಮ್ಮ ಬಂದ್ಲು ಕಣ್ರೇ! ಓಡ್ರೇ!" ಇಡೀ ಸಾಲು ಕಿಸಕ್ಕೆಂದಿತು. ಹೆಸರು ಬಸ್ಸಿಗಿಂತ ಬೇಗ ನಾಲ್ಕೂ ತಾಲ್ಲೂಕು ಸುತ್ತಿತು. ನಾನು ಕೇಳಿಸದವಳ ಹಾಗೆ ನಡೆದೆ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳು ಹೇಳಬಾರದು. ಹೆದರುತ್ತಾರೆ ಅಂದರೆ ಡಿಸಿಪ್ಲಿನ್ ಬಂತು ಅಂತ.

ನಾಗಮಂಗಲ ತಾಲ್ಲೂಕಿನ ಪಂದ್ಯದಲ್ಲಿ ನಾನು ಸಣ್ಣತಾಯಿಯನ್ನು ನೋಡಿದೆ. ಬಿಂಡಿಗನವಿಲೆ ಕಡೆಯ ಒಂದು ಹೈಸ್ಕೂಲಿನ ಖೋ ಖೋ ಟೀಮು. ಅವರ ಪಿ.ಟಿ. ಮೇಷ್ಟ್ರು ಬೋರೇಗೌಡ, ತಲೆ ನರೆತ, ಎಲೆಯಡಿಕೆ ಬಾಯಿಯ ಮನುಷ್ಯ. ಒಂಬತ್ತನೇ ಕ್ಲಾಸಿನ ಈ ಸಣ್ಣತಾಯಿ ಕಡ್ಡಿಯ ಹಾಗಿದ್ದಳು. ಮಣಿಕಟ್ಟಿನಲ್ಲಿ ಒಂದು ಕರಿ ದಾರ ಬಿಟ್ಟರೆ ಏನೂ ಇಲ್ಲ. ಓಟ ಸಾಧಾರಣವೇ. ಆದರೆ ಕೈ! ಓಡುವವಳು ತಪ್ಪಿಸಿಕೊಂಡೆ ಅಂದುಕೊಳ್ಳುವ ಹೊತ್ತಿಗೆ ಎಲ್ಲಿಂದಲೋ ಆ ಕೈ ಬರುತ್ತಿತ್ತು. ಕಂಬದ ಹತ್ತಿರ ನೆಲಕ್ಕೆ ಹಾರಿ, ಇಡೀ ಮೈಯನ್ನು ಬೆರಳ ತುದಿಗೆ ತಂದು, ಒಂದೇ ಒಂದು ಬೆರಳಲ್ಲಿ ಮುಟ್ಟುತ್ತಿದ್ದಳು.

"ವಾಟ್ ಎ ರೀಚ್!" ಅಂದೆ.

"ಕುರಿ ಇಡ್ದು ಇಡ್ದು ಅಭ್ಯಾಸ ಮೇಡಂ," ಅಂದರು ಬೋರೇಗೌಡ. "ಅವ್ರವ್ವಂದು ಕುರಿ ಮಂದೆ. ಅಪ್ಪ ಇಲ್ಲ, ಓದ್ವರ್ಷ ತೀರ್ಕಂಡ. ಓಡೋ ಟಗರಿನ ಇಂಗಾಲು ಇಡಿಯೋಳ್ಗೆ ಈ ಐಕಳು ಯಾವ ಲೆಕ್ಕ?"

ನಾನು ಅವಳನ್ನು ಕರೆದು ಹೇಳಿದೆ: "ಪಾಂಡವಪುರದಲ್ಲಿ ನಾಲ್ಕು ತಾಲ್ಲೂಕಿನ ಪಂದ್ಯ ಇದೆ. ಅಲ್ಲಿ ಫೈನಲ್‌ಗೆ ಬಂದ ಎರಡು ಟೀಮು ಜಿಲ್ಲೆಗೆ ಹೋಗುತ್ತೆ. ನೀನು ಅಲ್ಲಿಗೆ ಬಾ. ಸೆಲೆಕ್ಟರ್ಸ್‌ಗೆ ನಿನ್ನ ನಾನೇ ತೋರಿಸ್ತೀನಿ. ಪ್ರಾಮಿಸ್."

ಅವಳು ಕಣ್ಣರಳಿಸಿದಳು. "ಮಂಡ್ಯಕ್ಕಾ ಮಿಸ್?"

"ಹೌದು, ಮಂಡ್ಯಕ್ಕೆ."

"ನಮ್ಮವ್ವನೂ ಬರ್ಬೌದಾ? ಅವ್ವ ಮಂಡ್ಯ ನೋಡಿಲ್ಲ."

"ಬರಬಹುದು. ಹೆಣ್ಣುಮಕ್ಕಳ ಟೀಮಿನ ಜೊತೆ ಒಬ್ಬ ಹೆಂಗಸು ಇರಲೇಬೇಕು ಅಂತ ರೂಲಿದೆ," ಅಂದೆ. ಅದೂ ನಾನೇ ತಂದ ರೂಲು. ಆ ರೂಲು ಅವಳಿಗೆ ಬಹಳ ಇಷ್ಟವಾಯಿತು.

ಆಮೇಲೆ ಗೌರಿ ಹಬ್ಬ ಬಂತು, ಸೀಸನ್ನಿನ ನಟ್ಟನಡುವೆ. ಊರೂರಿಗೂ ಬಳೆಗಾರರು ಹೋದರು. ಹಬ್ಬ ಮುಗಿದು ಮೂರನೇ ದಿನ ಪಾಂಡವಪುರದ ಪಂದ್ಯ. ಮೊದಲನೇ ದಿನ ಸೆಮಿಫೈನಲ್, ಎರಡನೇ ದಿನ ಫೈನಲ್. ಬೆಳಿಗ್ಗೆ ಮೈದಾನಕ್ಕೆ ಬಂದು ನೋಡುತ್ತೇನೆ, ಮಣಿಕಟ್ಟಿನಿಂದ ಮೊಣಕೈ ಕಡೆಗೆ ಹಸಿರು, ಕೆಂಪು, ಹಸಿರು. ಇಡೀ ಮೈದಾನ ಕಿಣಿಕಿಣಿ ಅನ್ನುತ್ತಿತ್ತು.

ಗಾಜಿನ ಬಳೆಗೆ ಒಂದು ಹಳೆಯ ಉಪಾಯ ಇತ್ತು. ಹಳೇ ಸೀರೆಯ ಪಟ್ಟಿ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಬಿಡುವುದು. ಸೀಸನ್ನಿನ ಶುರುವಿನಲ್ಲಿ ನಾನೂ ಒಪ್ಪಿದ್ದೆ. ಆದರೆ ಶ್ರೀರಂಗಪಟ್ಟಣದ ಒಂದು ಮ್ಯಾಚಿನಲ್ಲಿ ಪಟ್ಟಿ ಬಿಚ್ಚಿಕೊಂಡು ಗಾಜು ಚುಚ್ಚಿ, ಎದುರು ಟೀಮಿನ ಮೇಷ್ಟ್ರು ಎಲ್ಲರ ಮುಂದೆ, "ಏನ್ ಮೇಡಂ, ನಿಮ್ ರೂಲು ಒಬ್ಬೊಬ್ರಿಗೆ ಒಂದೊಂದಾ?" ಅಂದರು. ಅವತ್ತಿನಿಂದ ಪಟ್ಟಿ ಬಂದ್. ಬಳೆ ಅಂದರೆ ಬಳೆ, ಸುತ್ತಿದರೂ ಬಳೆ.

ಹೆಚ್ಚಿನ ಹುಡುಗಿಯರ ಬಳೆ ಸಡಿಲವಾಗಿದ್ದವು, ಗೊಣಗುತ್ತಾ ಕಳಚಿ ಡಬ್ಬಿಗೆ ಹಾಕಿದರು. ಸಣ್ಣತಾಯಿಯವು ಕಳಚುವಂಥವಲ್ಲ. ಬಳೆಗಾರ ಕೈ ಹಿಸುಕಿ ಹಿಸುಕಿ ಏರಿಸಿದ, ಚರ್ಮಕ್ಕೆ ಅಂಟಿದಂಥ ಅಚ್ಚ ಹಸಿರು ಬಳೆಗಳು. ಅವುಗಳ ಮೇಲೆ ಬೋರೇಗೌಡರು ಮೊದಲೇ ಪಟ್ಟಿ ಸುತ್ತಿ ಕಳಿಸಿದ್ದರು. ನಾನು ಪಟ್ಟಿ ಬಿಚ್ಚಿಸಿದೆ.

"ಬಳೆ ತೆಗಿ."

"ಬರಾಕಿಲ್ಲ ಮಿಸ್."

"ಹಾಗಾದರೆ..." ಅಂದು ಮೇಜಿನ ಮೇಲೆ ಕಾಗದ ಹಾರದ ಹಾಗೆ ಇಟ್ಟಿದ್ದ ಕಲ್ಲನ್ನು ನೋಡಿದೆ. ಅವಳಿಗೆ ಅರ್ಥವಾಯಿತು. ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಮಿಸ್. ಬಳೆ ಎಚ್ಚಬಾರ್ದು ಅಂತ ಅವ್ವ ಏಳವ್ಳೆ. ಅಪ್ಪ ಓದ್ಮೇಲೆ ಇದೇ ಮೊದ್ಲು ಬಳೆ ಇಕ್ಸಿರಾದು. ಎಚ್ಚುದ್ರೆ ಅವ್ವ ಬೇಜಾರ್ ಮಾಡ್ಕತ್ತಾಳೆ."

ಈ ಸೀಮೆಯ ಜನ ಹಕಾರ ನುಂಗುತ್ತಾರೆ ಎಂಬುದು ಅಷ್ಟರಲ್ಲಿ ನನಗೆ ಅಭ್ಯಾಸವಾಗಿತ್ತು. ಎಚ್ಚು ಅಂದರೆ ಹೆಚ್ಚು. ಹೆಚ್ಚು ಅಂದರೆ ಜಾಸ್ತಿ. ಬಳೆ ಜಾಸ್ತಿ ಆಗಬಾರದು ಅಂತ ತಾಯಿಯೇ ಹೇಳಿದ್ದಾಳೆ! ನನಗೆ ಎಷ್ಟು ಖುಷಿಯಾಯಿತು ಅಂದರೆ, ನಿಜವಾಗಿ ನಕ್ಕುಬಿಟ್ಟೆ.

"ವೆರಿ ಗುಡ್! ನಿಮ್ಮ ಅವ್ವನೂ ನನ್ನ ಪಾರ್ಟಿ. ಹೆಚ್ಚಬಾರದು ಅಂತ ಅವರೇ ಹೇಳಿದ್ದಾರಲ್ಲ, ಮತ್ತೆ ಇಷ್ಟೊಂದು ಯಾಕೆ ಹಾಕಿಕೊಂಡೆ?"

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ನಗು ತಡೆಯಲಾರದೆ ಕಿಸಕ್ಕೆಂದಳು. ಸಣ್ಣತಾಯಿ ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಅದರಿಂದ ಇನ್ನೇನೋ ಬರಬೇಕಿದೆ ಅನ್ನುವ ಹಾಗೆ.

"ಅಂಗಲ್ಲ ಮೇಡಂ..." ಅಂತ ಬೋರೇಗೌಡರು ಮುಂದೆ ಬಂದರು.

"ಮಾಸ್ಟರ್, ಪ್ಲೀಸ್. ಆರ್ಗ್ಯುಮೆಂಟ್ ಬೇಡ. ವಾರ್ನಿಂಗ್ ಕೊಡ್ತೀನಿ."

ಅವರು ಅಲ್ಲೇ ನಿಂತರು.

ಆದರೂ ನಾನು ಫೇರ್ ಆಗಿರಬೇಕಲ್ಲ. ಕಾನ್ವೆಂಟಿನಲ್ಲಿ ಎಲ್ಲಕ್ಕೂ ಗಾರ್ಡಿಯನ್ ಕನ್ಸೆಂಟ್ ಕೇಳುತ್ತಿದ್ದರು. ಅವ್ವ ಅವ್ವ ಅನ್ನುತ್ತಿದ್ದಾಳೆ, ಆ ಅವ್ವನನ್ನೇ ಕರೆಸಿ ಕೇಳೋಣ ಅನ್ನಿಸಿತು. ತಾಯಿ ಕೆಂಪಮ್ಮ ಟೀಮಿನ ಜೊತೆ ಬಂದಿದ್ದಳು. ಹುಡುಗಿಯರು ತಂಗಿದ್ದ ಸ್ಕೂಲಿನ ಹಿಂದೆ ಅವರ ಬಟ್ಟೆ ಒಗೆಯುತ್ತಿದ್ದಾಳೆ ಅಂದರು. ನಾನು ಸ್ಟೇಜಿಗೆ ಹೋಗಿ ಮೈಕ್ ತೆಗೆದುಕೊಂಡೆ. ನನ್ನ ಪ್ರನನ್ಸಿಯೇಷನ್ ಚೆನ್ನಾಗಿದೆ ಅಂತ ಎಲ್ಲ ಅನೌನ್ಸ್‌ಮೆಂಟೂ ನಾನೇ ಮಾಡುತ್ತಿದ್ದೆ. ಒಂದೊಂದು ಅಕ್ಷರವನ್ನೂ ಬಿಡಿಸಿ, ಸ್ಪಷ್ಟವಾಗಿ, ಎರಡು ಸಲ ಹೇಳಿದೆ:

"ಸಣ್ಣತಾಯಿಯ ತಾಯಿ ಕೆಂಪಮ್ಮನವರು ಎಲ್ಲಿದ್ದರೂ ಕೂಡಲೇ ಮೈದಾನಕ್ಕೆ ಬರಬೇಕು. ನಿಮ್ಮ ಮಗಳ ಬಳೆ ಒಡೆಯಬೇಕಾಗಿದೆ."

ಗಲಗಲ ಅನ್ನುತ್ತಿದ್ದ ಮೈದಾನ ನಿಂತುಹೋಯಿತು. ಕಡಲೆಕಾಯಿ ಮಾರುವವನು ಸೇರು ಎತ್ತಿದವನು ಎತ್ತಿದ ಹಾಗೆಯೇ ನನ್ನ ಕಡೆ ತಿರುಗಿದ. ಯಾರೋ ಒಬ್ಬ ಹೆಂಗಸು, "ಅಯ್ಯೋ, ಬುಡ್ತು ಅನ್ನಿ!" ಅಂದಳು. ಮೈಕ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನಾನು ಅಂದುಕೊಂಡೆ.

ಕೆಂಪಮ್ಮ ಓಡಿ ಬಂದಳು. ಒದ್ದೆ ಸೀರೆ ಮೊಣಕಾಲಿಗೆ ಸಿಕ್ಕಿಸಿದ್ದು ಹಾಗೆಯೇ ಇತ್ತು, ಮೊಣಕೈವರೆಗೆ ಸೋಪಿನ ನೊರೆ. ಮಗಳನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಏದುಸಿರಿನಲ್ಲಿ ಕೇಳಿದಳು:

"ಯಾರ್ ಸತ್ರವ್ವಾ?"

"ಯಾರೂ ಇಲ್ಲಮ್ಮ! ರೂಲ್ಸ್ ಅಷ್ಟೇ. ಆಟ ಆಡುವಾಗ ಬಳೆ ಇರಬಾರದು. ಒಡೀಬೇಕು."

"ಒಡೀಬೇಕು ಅನ್ಬ್ಯಾಡ ತಾಯಿ. ಎಚ್ಚಬೇಕು ಅನ್ನು."

"ಹೆಚ್ಚಾಗಿದೆ ಅಂತಾನೇ ನಾನೂ ಹೇಳ್ತಿರೋದು!"

ಹಿಂದೆ ನಗು ಎದ್ದಿತು. ಕೆಂಪಮ್ಮ ನಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದಳು, ಯಾವುದೋ ಬೇರೆ ದೇಶದಿಂದ ಬಂದ ಕೂಸನ್ನು ನೋಡುವ ಹಾಗೆ. ಆಮೇಲೆ ತನ್ನ ಕೈಯಲ್ಲಿದ್ದ ನೊರೆಯನ್ನೇ ಮಗಳ ಕೈಗೆ ಸವರಲು ಹೋಗಿ, ಮುಟ್ಟದೆ, ನೊರೆಯನ್ನು ಬೋರೇಗೌಡರ ಅಂಗೈಗೆ ಇಳಿಸಿದಳು. "ನೀವು ನೋಡಿ ಮೇಷ್ಟ್ರೇ, ಜಾರ್ತವಾ ಅಂತ." ಆ ಪಾಪದ ಮನುಷ್ಯ ಜಾರಿಸಲು ನೋಡಿದರು. ಮೊದಲಿನ ಒಂದೆರಡು ಬಂದವು. ಉಳಿದವು ಗೆಣ್ಣಿನ ಹತ್ತಿರ ನಿಂತುಬಿಟ್ಟವು. ಸಣ್ಣತಾಯಿ ತುಟಿ ಕಚ್ಚಿಕೊಂಡಿದ್ದಳು. ಟೀಮಿನ ಹುಡುಗಿಯರು ಸುತ್ತ ನಿಂತು, "ಒಸಿ ತಡ್ಕೊಳೇ, ಒಸಿ ತಡ್ಕೊಳೇ" ಅನ್ನುತ್ತಿದ್ದರು. ಅವಳಿಲ್ಲದೆ ಗೆಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮೋಡ ಕಟ್ಟುತ್ತಿತ್ತು. ಸ್ಟೇಜಿನಲ್ಲಿ ಗೆಸ್ಟುಗಳು ವಾಚು ನೋಡುತ್ತಿದ್ದರು.

"ಟೈಮ್ ಆಗೋಯ್ತು. ಆಡ್ತಾಳೋ ಇಲ್ವೋ?" ಅಂದೆ.

ತಾಯಿ ಮಗಳ ಮುಖ ನೋಡಿದಳು. "ಆಡ್ತೀಯೇನೇ?"

ಸಣ್ಣತಾಯಿ ಮೈದಾನದ ಕಂಬ ನೋಡಿದಳು, ಗೆಳತಿಯರನ್ನು ನೋಡಿದಳು. "ಮಂಡ್ಯ ಅವ್ವಾ..." ಅಂದಳು, ಅಷ್ಟೇ.

ಕೆಂಪಮ್ಮ ನನ್ನ ಹತ್ತಿರ ಬಂದಳು. ದನಿ ಇಳಿಸಿ, ನಾವಿಬ್ಬರೇ ಇದ್ದೇವೆ ಅನ್ನುವ ಹಾಗೆ ಹೇಳಿದಳು: "ನಾನು ಗಂಡ ಸತ್ತೋಳು, ಬಳೆ ಮುಟ್ಟಂಗಿಲ್ಲ. ನೀನೇ ಮಾಡವ್ವ. ಎಚ್ಚಲಿ ಅಂತ ಒಂದ್ ಮಾತು ಅಂದ್ಬುಟ್ಟು ಮಾಡು. ಅಷ್ಟು ಅನ್ನು ಸಾಕು."

ಬಳೆ ಉಳಿಸಿಕೊಳ್ಳಲು ಚೌಕಾಸಿ ಮಾಡುತ್ತಿದ್ದಾಳೆ ಅಂತ ತಿಳಿದೆ ನಾನು.

"ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲಮ್ಮ. ಎಲ್ಲಾ ಹೋಗಬೇಕು," ಅಂದೆ. "ಕಮಾನ್, ಕಮಾನ್."

ಗಾಯವಾಗಬಾರದು ಅಂತ ನನ್ನ ಕರ್ಚೀಫನ್ನೇ ಸುತ್ತಿ, ಮೇಜಿನ ಮೇಲೆ ಆ ಕೈ ಇಡಿಸಿ, ಕಲ್ಲಿನಿಂದ ಹದವಾಗಿ ತಟ್ಟಿದೆ. ಒಂದು ಕೈ, ಆಮೇಲೆ ಇನ್ನೊಂದು. ಎಳೆ ಜೋಳದ ದಂಟು ಮುರಿದ ಹಾಗೆ ಸದ್ದು. ಕರ್ಚೀಫು ತೆಗೆದಾಗ ಚರ್ಮಕ್ಕೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ನೀಟ್ ಜಾಬ್ ಅಂತ ನನ್ನನ್ನು ನಾನೇ ಮೆಚ್ಚಿಕೊಂಡೆ. ಕೆಂಪಮ್ಮ ಮುಖ ತಿರುಗಿಸಿ ನಿಂತಿದ್ದವಳು, ಮುಗಿದ ಮೇಲೆ ಬಗ್ಗಿ, ಬರಿಗಾಲಿನ ಮಕ್ಕಳು ತುಳಿಯದಿರಲಿ ಅಂತ ಚೂರುಗಳನ್ನು ಸೆರಗಿಗೆ ಆರಿಸಿಕೊಂಡಳು. ಮುಟ್ಟಬಾರದು ಅಂದವಳು, ಈಗ ಅವನ್ನು ಮುಟ್ಟಬಹುದಾಗಿತ್ತು.

ಮ್ಯಾಚು ಶುರುವಾಯಿತು. ಸಣ್ಣತಾಯಿ ಓಡಿದಳು. ಎಂದಿಗಿಂತ ಜೋರಾಗಿಯೇ ಓಡಿದಳು. ಓಡುವವಳ ಬೆನ್ನಿನವರೆಗೂ ಹೋಗುತ್ತಿದ್ದಳು. ಆದರೆ ಅಲ್ಲಿಗೆ ಹೋದಾಗ ಆ ಕೈ ಬರುತ್ತಿರಲಿಲ್ಲ. ಎರಡೂ ಕೈ ಎದೆಗೆ ಅಂಟಿಕೊಂಡಿದ್ದವು. ಕುಳಿತಾಗ ಅಂಗಿಯ ತೋಳಿನ ಅಂಚನ್ನು ಎಳೆಯುತ್ತಿದ್ದಳು, ಬರುವಷ್ಟೂ ಕೆಳಗೆ, ಅದು ಮೊಣಕೈಗೇ ನಿಲ್ಲುತ್ತಿತ್ತು. ಕಂಬದ ಹತ್ತಿರ, ಕುರಿಯ ಹಿಂಗಾಲು ಹಿಡಿಯುವವಳ ಹಾಗೆ ಹಾರಬೇಕಾದ ಕಡೆ, ಬ್ರೇಕ್ ಹಾಕಿದ ಹಾಗೆ ನಿಂತಳು. ಒಂದೇ ಪಾಯಿಂಟಿನಲ್ಲಿ ಸೋತರು.

"ವಾಟ್ ಹ್ಯಾಪನ್ಡ್ ಟು ಹ‌ರ್ ರೀಚ್, ಮಾಸ್ಟರ್?" ಅಂತ ನಾನು ಕೇಳಿದೆ. ನಿಜವಾದ ಕುತೂಹಲದಿಂದ ಕೇಳಿದೆ.

ಬೋರೇಗೌಡರು ಬಾಯಲ್ಲಿದ್ದುದನ್ನು ಉಗಿದು ಬಂದು ಹೇಳಿದರು, "ಕೈ ಎಲ್ಲೈತೆ ಮೇಡಂ ಚಾಚಕ್ಕೆ?"

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸೀಸನ್ನಿಗೆ ನಾನು ಆಸ್ಪತ್ರೆಯ ಅಗಲ ಟೇಪು ತರಿಸಿ, ಬಳೆ ಬಾರದಿದ್ದರೆ ಸುತ್ತಿ ಆಡಿಸಬಹುದು ಅಂತ ಮಾಡಿದೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಬೋರೇಗೌಡರ ಟೀಮು ಬಂತು, ಅದರಲ್ಲಿ ಸಣ್ಣತಾಯಿ ಇರಲಿಲ್ಲ. ಕೇಳಿದ್ದಕ್ಕೆ, "ಆಟ ಬುಟ್ಬುಟ್ಲು ಮೇಡಂ. ಸ್ಕೂಲ್ಗೆ ಬತ್ತಾವ್ಳೆ, ಚೆನ್ನಾಗೇ ಓದ್ತಾವ್ಳೆ. ಕರುದ್ರೆ ಒಲ್ಲೆ ಅಂತಾಳೆ" ಅಂದರು. ಅವಳಿಗೇನೂ ದೊಡ್ಡ ಕೇಡಾಗಲಿಲ್ಲ, ನೋಡಿ. ಆಟ ಬಿಟ್ಟಳು, ಅಷ್ಟೇ. ಆ ಅಷ್ಟೇ ಎಂಬುದನ್ನು ಇಷ್ಟು ವರ್ಷ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಆದರೆ ನನ್ನ ನಾಚಿಕೆಯೆಲ್ಲ ಆ ಸೆಮಿಫೈನಲ್ಲಿನದಲ್ಲ. ಅವತ್ತು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮರುದಿನ ಬೆಳಿಗ್ಗೆ.

ಹಿತ್ತಲ ಬೋರಿನ ಹತ್ತಿರ ಹಲ್ಲುಜ್ಜುತ್ತಿದ್ದೆ. ಪಾರ್ವತಮ್ಮ ಕೊಡ ಎತ್ತುವಾಗ ಕೈ ಪಂಪಿನ ಕಬ್ಬಿಣಕ್ಕೆ ತಾಗಿ ಟಪ್ ಅಂತ ಒಂದು ಬಳೆ ಹೋಯಿತು. "ಅಯ್ಯೋ, ಬಳೆ ಹೆಚ್ಚೋಯ್ತು!" ಅಂದರು.

ಬ್ರಷ್ ಬಾಯಲ್ಲೇ ಉಳಿಯಿತು. "ಹೆಚ್ಚೋಯ್ತು ಅಂದ್ರೆ?"

"ಹೋಯ್ತಲ್ಲ, ನೋಡಿ." ಚೂರು ತೋರಿಸಿದರು. "ಒಡೀತು ಅನ್ನಬಾರದು ಕಣಮ್ಮ. ಬಳೆ ಹೆಚ್ಚಿತು ಅನ್ನಬೇಕು, ಹೋದ ಒಂದಕ್ಕೆ ಹತ್ತಾಗಿ ಬರಲಿ ಅಂತ. ದೀಪ ಆರಿಸು ಅಂತೀವಾ? ದೊಡ್ಡದು ಮಾಡು ಅಂತೀವಿ. ಹಂಗೇ. ಬಳೆ ಒಡೀಬೇಕು ಅನ್ನೋದು ಒಂದೇ ಹೊತ್ತಲ್ಲಿ, ಗಂಡ ಸತ್ತಾಗ. ನಿಮ್ಮ ಕಾನ್ವೆಂಟಲ್ಲಿ ಇದನ್ನೂ ಹೇಳಿಕೊಡಲಿಲ್ವಾ?" ಅಂತ ನಕ್ಕು, ಮತ್ತೆ ದನಿ ಇಳಿಸಿದರು. "ನಿನ್ನೆ ಗ್ರೌಂಡಲ್ಲಿ ಯಾರೋ ಪುಣ್ಯಾತ್ಗಿತ್ತಿ ಮೈಕಲ್ಲಿ ಕೂಗಿದಳಂತೆ, ಒಬ್ಬ ಗಂಡ ಸತ್ತ ಹೆಂಗಸನ್ನ, ಬಾ ನಿನ್ನ ಮಗಳ ಬಳೆ ಒಡೀಬೇಕು ಅಂತ. ಬಜಾರೆಲ್ಲ ಅದೇ ಮಾತು. ಯಾರಮ್ಮ ಅದು?"

"ಗೊತ್ತಿಲ್ಲ," ಅಂದೆ. ಬಾಯಿ ತುಂಬ ಪೇಸ್ಟಿನ ನೊರೆ ಇತ್ತು.

ಮೈದಾನಕ್ಕೆ ಹೋಗುವ ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಹೆಚ್ಚಲಿ. ಹೆಚ್ಚಲಿ. ನಿನ್ನ ಬಳೆ ಹೆಚ್ಚಲಿ ಕಣಮ್ಮ. ಎಷ್ಟು ಸಣ್ಣ ಮಾತು, ಎಷ್ಟು ಒಳ್ಳೆಯ ಮಾತು. ಕೆಂಪಮ್ಮ ಅದನ್ನು ಮಾತ್ರ ಕೇಳಿದ್ದಳು. ಬಳೆ ಉಳಿಸು ಅನ್ನಲಿಲ್ಲ, ರೂಲು ಬಿಡು ಅನ್ನಲಿಲ್ಲ. ಬಜಾರಿನಲ್ಲಿ ಬಳೆ ಅಂಗಡಿಯ ಮುಂದೆ ನಿಂತೆ. ಬಾಗಿಲು ಹಾಕಿತ್ತು. ಹಾಕಿದ್ದು ಒಳ್ಳೆಯದೇ ಆಯಿತು ಅನ್ನಿಸಿತಲ್ಲ, ಅದನ್ನೂ ಬರೆಯಬೇಕು.

ಅವತ್ತು ಮೊದಲಿಗೆ ಮೂರನೇ ಸ್ಥಾನದ ಮ್ಯಾಚು, ಸೆಮಿಫೈನಲ್ ಸೋತ ಎರಡು ಟೀಮುಗಳ ನಡುವೆ. ಗೆದ್ದರೂ ಜಿಲ್ಲೆಗೆ ಹೋಗುವುದಿಲ್ಲ. ಹನಿ ಬಿದ್ದು ನಿಂತಿತ್ತು, ಸುಣ್ಣದ ಗೆರೆ ನೆನೆದು ವಾಸನೆ ಬರುತ್ತಿತ್ತು. ನನ್ನ ಮೇಜು, ನನ್ನ ಡಬ್ಬಿ, ಆ ಕಲ್ಲು, ಎಲ್ಲ ನಿನ್ನೆಯ ಜಾಗದಲ್ಲೇ ಇದ್ದವು. ಸಾಲಿನಾಚೆ ಬೇಲಿಯ ಹತ್ತಿರ ಕೆಂಪಮ್ಮ ಹುಡುಗಿಯರ ಗಂಟು ಕಟ್ಟಿಕೊಂಡು ಊರಿಗೆ ಹೊರಡಲು ಸಿದ್ಧವಾಗಿ ನಿಂತಿದ್ದಳು. ನನ್ನ ಕಡೆಗೇ ನೋಡುತ್ತಿದ್ದಳು.

ಸಾಲಿನಲ್ಲಿ ಮೊದಲನೆಯವಳು ಸಣ್ಣತಾಯಿ.

ನಾನು ಬಾಯಿ ತೆರೆಯುವ ಮೊದಲೇ ಎರಡೂ ಕೈ ಮುಂದೆ ಚಾಚಿದಳು. ಪೂರ್ತಿಯಾಗಿ, ಹೆಗಲಿನಿಂದ ಬೆರಳ ತುದಿಯವರೆಗೆ, ನಾಗಮಂಗಲದಲ್ಲಿ ಕಂಬದ ಹತ್ತಿರ ಚಾಚಿದ ಹಾಗೆ. ಅಂಗೈ ಮೇಲೆ ಮಾಡಿ ತೋರಿಸಿದಳು, ತಿರುಗಿಸಿ ತೋರಿಸಿದಳು. ಗೀರಿನ ಮೇಲೆ ಹಕ್ಕಳೆ ಕಟ್ಟಿತ್ತು. ಸೋಪು ಹಚ್ಚಿ ತಿಕ್ಕಿದ್ದ ಕಡೆ ಚರ್ಮ ಕೆಂಪಗಿತ್ತು.

"ನೋಡ್ಕಳಿ ಮಿಸ್," ಅಂದಳು. "ಏನೂ ಇಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ರೂಲಿನ ಪ್ರಕಾರ ತೋರಿಸುತ್ತಿದ್ದಳು, ಒಳ್ಳೆಯ ಹುಡುಗಿ. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಿಂದೆ ಸಾಲು ಕಾಯುತ್ತಿತ್ತು, ಬೋರೇಗೌಡರು ಕಾಯುತ್ತಿದ್ದರು, ಬೇಲಿಯ ಹತ್ತಿರ ಅವಳ ತಾಯಿ.

"ಓಕೆ," ಅಂದೆ. "ನೆಕ್ಸ್ಟ್."